ಪಿಸ್ತೂಲಿಗೊಂದು ಪ್ರಶ್ನೆಪತ್ರಿಕೆ

2017ರ ಜನವರಿ 19ರಂದು ಅಮೆರಿಕದ ಸೇನೆ ತನ್ನ ಹೊಸ ಪಿಸ್ತೂಲು ಯಾವುದೆಂದು ಘೋಷಿಸಿತು: ಸಿಗ್ ಸೌವರ್ ಕಂಪನಿಯ ಪಿ320. ಗುತ್ತಿಗೆಯ ಮೊತ್ತ 58 ಕೋಟಿ ಡಾಲರ್‌ವರೆಗೆ. ಸ್ಪರ್ಧೆಯಲ್ಲಿ ಸೋತ ಗ್ಲಾಕ್ ಕಂಪನಿ ಸುಮ್ಮನಿರಲಿಲ್ಲ. ಪರೀಕ್ಷೆಗಳನ್ನು ಪೂರ್ತಿ ಮುಗಿಸದೆ ಗೆದ್ದವರನ್ನು ಆರಿಸಿದ್ದೀರಿ ಎಂದು ಅಲ್ಲಿನ ಸಂಸತ್ತಿನ ಲೆಕ್ಕತನಿಖಾ ಕಚೇರಿಗೆ ದೂರು ಕೊಟ್ಟಿತು. ಜೂನ್‌ನಲ್ಲಿ ದೂರು ವಜಾ ಆಯಿತು. ಸಿಗ್ ಕೇಳಿದ್ದ ಬೆಲೆ 16.95 ಕೋಟಿ ಡಾಲರ್, ಗ್ಲಾಕ್ ಕೇಳಿದ್ದು 27.22 ಕೋಟಿ ಡಾಲರ್ ಎಂಬುದು ಹೊರಜಗತ್ತಿಗೆ ತಿಳಿದದ್ದು ಆ ಆದೇಶದಿಂದಲೇ. 10 ಕೋಟಿ ಡಾಲರಿಗೂ ಮಿಕ್ಕಿದ ಅಂತರ ಅದು.

ಪಿಸ್ತೂಲು ಬಲ್ಲವರು ನಾಲ್ಕು ಜನ ಸೇರಿದರೆ ಬ್ರ್ಯಾಂಡಿನ ಜಗಳ ಶುರುವಾಗುತ್ತದೆ. ಒಬ್ಬರಿಗೆ ಗ್ಲಾಕ್, ಇನ್ನೊಬ್ಬರಿಗೆ ಸಿಗ್, ಮತ್ತೊಬ್ಬರಿಗೆ ಬೆರೆಟಾ, ಹಳಬರಿಗೆ ಕೋಲ್ಟ್. ಆದರೆ ಸೇನೆಗಳು, ಪೊಲೀಸ್ ಇಲಾಖೆಗಳು ಕಳೆದ ಒಂದು ಶತಮಾನದಲ್ಲಿ ಹೇಗೆ ಆಯ್ಕೆ ಮಾಡಿದವು ಎಂದು ನೋಡುತ್ತ ಹೋದರೆ, ಕೊನೆಯ ಸುತ್ತಿಗೆ ಬಂದ ಪಿಸ್ತೂಲುಗಳೆಲ್ಲ ಬಹುಮಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ ಎಂಬುದು ಕಾಣುತ್ತದೆ. ಸೋಲು ಗೆಲುವು ತೀರ್ಮಾನವಾಗುವುದು ಮೊದಲ ಗುಂಡು ಹಾರುವುದಕ್ಕೂ ಮುಂಚೆ ಬರೆದಿಟ್ಟ ಷರತ್ತುಗಳ ಪಟ್ಟಿಯಲ್ಲಿ. ಆ ಪಟ್ಟಿ ಒಂದು ಪ್ರಶ್ನೆಪತ್ರಿಕೆ ಇದ್ದ ಹಾಗೆ. ಅದರಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಸಿಗುತ್ತದೆ. ಕೇಳದೆ ಬಿಟ್ಟ ಪ್ರಶ್ನೆ ಮುಂದೊಂದು ದಿನ ಯಾರದೋ ಕೈಯಲ್ಲಿ ತಾನಾಗಿಯೇ ಎದುರಾಗುತ್ತದೆ.

ಯಂತ್ರದ ಮೂಲತತ್ವ ಎಲ್ಲ ಬ್ರ್ಯಾಂಡಿಗೂ ಒಂದೇ. ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು. ಗುಂಡು ಮುಂದಕ್ಕೆ ಚಿಮ್ಮಿದ ಹೊಡೆತಕ್ಕೆ ನಳಿಗೆಯನ್ನು ಮುಚ್ಚಿರುವ ಉಕ್ಕಿನ ಸ್ಲೈಡ್ ಹಿಂದಕ್ಕೆ ಜಾರುತ್ತದೆ. ಜಾರುವಾಗ ಒಂದು ಪುಟ್ಟ ಕೊಕ್ಕೆ ಕಾಡತೂಸಿನ ಖಾಲಿ ಕವಚವನ್ನು ಎಳೆದು ಹೊರಗೆ ಎಸೆಯುತ್ತದೆ. ಸ್ಪ್ರಿಂಗು ಸ್ಲೈಡನ್ನು ಮತ್ತೆ ಮುಂದಕ್ಕೆ ದೂಡುತ್ತದೆ. ಹಾಗೆ ಬರುವಾಗ ಅದು ಹಿಡಿಕೆಯೊಳಗಿನ ಮ್ಯಾಗಜಿನ್‌ನಿಂದ ಇನ್ನೊಂದು ಕಾಡತೂಸನ್ನು ನಳಿಗೆಯೊಳಕ್ಕೆ ತಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೆಲ್ಲ ಆಗಬೇಕು. ಮಳೆ, ಕೆಸರು, ಮರಳು, ಬೆವರು ಯಾವುದಿದ್ದರೂ ಆಗಬೇಕು. ಚೌಕಟ್ಟು ಲೋಹದ್ದೋ ಪಾಲಿಮರಿನದೋ, ಮೊದಲ ಒತ್ತು ಎಷ್ಟು ಬಿಗಿ, ಸುರಕ್ಷತೆಯ ಕೀಲಿ ಬೆರಳಿಗೆ ಸಿಗುವಂತೆ ಹೊರಗಿದೆಯೋ ಇಲ್ಲ ಒಳಗೇ ಅಡಗಿದೆಯೋ, ಇವುಗಳಲ್ಲಿ ಬ್ರ್ಯಾಂಡುಗಳು ಬೇರೆಯಾಗುತ್ತವೆ.

ಅಮೆರಿಕದ ಸೇನೆ ಮೊದಲ ಪ್ರಶ್ನೆಪತ್ರಿಕೆ ಬರೆದದ್ದು ಫಿಲಿಪೀನ್ಸ್‌ನ ಕಹಿ ಅನುಭವದ ನಂತರ. ಮೋರೋ ಹೋರಾಟಗಾರರ ಎದುರು ತಮ್ಮ .38 ರಿವಾಲ್ವರ್ ಸಾಲುವುದಿಲ್ಲ ಎಂದು ಸೈನಿಕರು ದೂರಿದ್ದರು. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಶವಗಳ ಮೇಲೂ ಶಿಕಾಗೋದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೂ ಬಗೆಬಗೆಯ ಗುಂಡು ಹಾರಿಸಿ ನೋಡಿದರು. ಕ್ರೂರ ಪ್ರಯೋಗ, ಬಲಿಯಾದ ಪ್ರಾಣಿಗಳ ಸಂಖ್ಯೆಯೂ ವಿಜ್ಞಾನದ ತೀರ್ಮಾನಕ್ಕೆ ಸಾಲುವಂಥದ್ದಲ್ಲ. ಆದರೂ ಗುಂಡಿನ ವ್ಯಾಸ .45 ಇಂಚಿಗಿಂತ ಕಡಿಮೆ ಇರಕೂಡದು ಎಂದು ಅವರು ಬರೆದರು, ಸೇನೆ ಅದನ್ನೇ ಷರತ್ತಾಗಿಸಿತು. ಆ ಒಂದು ಸಾಲು ಮುಂದಿನ ಎಂಬತ್ತು ವರ್ಷ ಅಮೆರಿಕದ ಸೈನಿಕನ ಪಿಸ್ತೂಲಿನ ತೂಕ, ಗಾತ್ರ, ಅದರಲ್ಲಿ ಹಿಡಿಸುವ ಗುಂಡಿನ ಲೆಕ್ಕ ಎಲ್ಲವನ್ನೂ ನಿರ್ಧರಿಸಿತು.

1907ರ ಪರೀಕ್ಷೆಗೆ ಬಂದವರಲ್ಲಿ ಕೋಲ್ಟ್, ಸ್ಯಾವೇಜ್ ಮತ್ತು ಜರ್ಮನಿಯ ಲೂಗರ್ ಮುಖ್ಯರು. ಮುಂದಿನ ಹಂತಕ್ಕೆ 200 ಪಿಸ್ತೂಲು ಮಾಡಿಕೊಡಿ ಎಂದಾಗ ಲೂಗರ್ ತಯಾರಕರು ಹಿಂದೆ ಸರಿದರು. ಉಳಿದ ಎರಡು 1911ರ ಮಾರ್ಚ್‌ನಲ್ಲಿ ಎದುರುಬದುರಾದವು. ಒಂದೊಂದರಿಂದಲೂ 6000 ಗುಂಡು ಹಾರಿಸಬೇಕು. ನೂರು ಹಾರಿಸುವುದು, ಐದು ನಿಮಿಷ ಆರಲು ಬಿಡುವುದು, ಸಾವಿರಕ್ಕೊಮ್ಮೆ ಒರೆಸಿ ಎಣ್ಣೆ ಹಾಕುವುದು. ಕಾದು ಹಿಡಿಯಲಾಗದಷ್ಟು ಬಿಸಿಯಾದರೆ ನೀರಿನಲ್ಲಿ ಅದ್ದಿ ಮತ್ತೆ ಹಾರಿಸುವುದು. ಕೋಲ್ಟ್‌ಗಾಗಿ ಪಿಸ್ತೂಲು ರೂಪಿಸಿದ ಜಾನ್ ಬ್ರೌನಿಂಗ್ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಸ್ಯಾವೇಜ್ 37 ಸಲ ತೊಡಕಿತು. ಕೋಲ್ಟ್ ಒಮ್ಮೆಯೂ ತೊಡಕಲಿಲ್ಲ. ಅದೇ ತಿಂಗಳ 29ರಂದು ಅದು ಎಂ1911 ಆಗಿ ಸೇನೆಗೆ ಸೇರಿತು. ಇಷ್ಟು ನಿಚ್ಚಳವಾದ ಗೆಲುವು ಪಿಸ್ತೂಲಿನ ಚರಿತ್ರೆಯಲ್ಲಿ ತೀರ ಅಪರೂಪ.

ಪ್ರಶ್ನೆ ಕೇಳುವ ರೀತಿ ಬದಲಾದರೆ ಎಂಥ ಅಚ್ಚರಿ ಕಾದಿರುತ್ತದೆ ಎಂಬುದಕ್ಕೆ ಆಸ್ಟ್ರಿಯಾ ಸಾಕ್ಷಿ. 1980ರಲ್ಲಿ ಅಲ್ಲಿನ ಸೇನೆ ಎರಡನೇ ಮಹಾಯುದ್ಧದ ಕಾಲದ ವಾಲ್ಥರ್ ಪಿ38ಗಳನ್ನು ಬದಲಿಸಲು ಹೊರಟಿತು. ರಕ್ಷಣಾ ಸಚಿವಾಲಯ 17 ಷರತ್ತುಗಳನ್ನು ಪಟ್ಟಿ ಮಾಡಿತು. ಪಿಸ್ತೂಲು ಹೀಗೇ ಕಾಣಬೇಕು, ಇಂಥ ಲೋಹದಿಂದಲೇ ಆಗಬೇಕು ಎಂಬ ಹಟ ಅದರಲ್ಲಿ ಇರಲಿಲ್ಲ. ಏನು ಮಾಡಬೇಕು, ಎಷ್ಟು ಬಾಳಬೇಕು, ಎಷ್ಟು ಸುರಕ್ಷಿತವಾಗಿರಬೇಕು ಎಂಬುದಷ್ಟೇ ಇತ್ತು. ವಿಯೆನ್ನಾ ಹತ್ತಿರದ ಡಾಯ್ಚ್ ವಾಗ್ರಾಮ್‌ನಲ್ಲಿ ಪರದೆಯ ಸರಳು, ಸೇನೆಗೆ ಚಾಕು, ಸಲಿಕೆ ಮಾಡಿಕೊಡುತ್ತಿದ್ದ ಗ್ಯಾಸ್ಟನ್ ಗ್ಲಾಕ್ ಎಂಬ ಎಂಜಿನಿಯರಿಗೆ ಇದು ಅವಕಾಶವಾಗಿ ಕಂಡಿತು. ಅವರು ಅದುವರೆಗೆ ಪಿಸ್ತೂಲು ಮಾಡಿದವರಲ್ಲ. ಪಾಲಿಮರ್ ಮಾತ್ರ ಚೆನ್ನಾಗಿ ಗೊತ್ತಿತ್ತು. ಬಲ್ಲವರನ್ನು ಕೂರಿಸಿಕೊಂಡು ಏನು ಬೇಕೆಂದು ಕೇಳಿದರು. 1981ರ ಏಪ್ರಿಲ್‌ನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅದು ಅವರ 17ನೇ ಪೇಟೆಂಟ್ ಆಗಿದ್ದರಿಂದ ಪಿಸ್ತೂಲಿಗೆ ಗ್ಲಾಕ್ 17 ಎಂದು ಹೆಸರಾಯಿತು.

ಎದುರಿಗಿದ್ದವರು ಹೆಕ್ಲರ್ ಅಂಡ್ ಕಾಕ್, ಸಿಗ್, ಬೆರೆಟಾ, ಜೊತೆಗೆ ಆಸ್ಟ್ರಿಯಾದ್ದೇ ಆದ ಸ್ಟೈಯರ್. ಘಟಾನುಘಟಿಗಳೇ. 1982ರಲ್ಲಿ ಗೆದ್ದದ್ದು ಹೊಸಬ. ಮೊದಲ ಆರ್ಡರ್ 25,000. ಗ್ಲಾಕಿನಲ್ಲಿದ್ದ ಬಿಡಿಭಾಗಗಳು 34 ಮಾತ್ರ. ಹೆಬ್ಬೆರಳಿಂದ ತಳ್ಳುವ ಸುರಕ್ಷತಾ ಕೀಲಿ ಹೊರಗೆಲ್ಲೂ ಇರಲಿಲ್ಲ, ಮೂರು ತಡೆಗಳು ಒಳಗೇ ಇದ್ದವು. ಬೆರಳು ಟ್ರಿಗರಿನ ಮೇಲೆ ಸರಿಯಾಗಿ ಕೂತು ಒತ್ತಿದಾಗ ಅವು ಒಂದರ ಹಿಂದೊಂದು ಬಿಡಿಸಿಕೊಳ್ಳುತ್ತವೆ. ಪಾಲಿಮರ್ ಚೌಕಟ್ಟಿನ ಪಿಸ್ತೂಲನ್ನು 1970ರಲ್ಲೇ ಹೆಕ್ಲರ್ ಅಂಡ್ ಕಾಕ್ ಮಾರುಕಟ್ಟೆಗೆ ತಂದಿತ್ತು, ಆದರೆ ಅದು ನಡೆಯಲಿಲ್ಲ. ಗ್ಲಾಕ್ ನಡೆಯಿತು. ಅಮೆರಿಕಕ್ಕೆ ಬಂದಾಗ ಪ್ಲಾಸ್ಟಿಕ್ ಪಿಸ್ತೂಲು, ವಿಮಾನ ನಿಲ್ದಾಣದ ಎಕ್ಸ್‌ರೇಗೆ ಸಿಗುವುದಿಲ್ಲ ಎಂಬ ಗುಲ್ಲೆದ್ದಿತು. 1990ರ ‘ಡೈ ಹಾರ್ಡ್ 2’ ಸಿನಿಮಾ ಆ ಗುಲ್ಲನ್ನು ಜಗತ್ತಿಗೆಲ್ಲ ಹಂಚಿತು. ನಿಜದಲ್ಲಿ ಗ್ಲಾಕಿನ ತೂಕದ ಬಹುಪಾಲು ಉಕ್ಕಿನದೇ. ನಳಿಗೆ, ಸ್ಲೈಡ್ ಎರಡೂ ಉಕ್ಕು, ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಇದೇ ಹೊತ್ತಿಗೆ ಅಮೆರಿಕದ ಸೇನೆಯೂ ಎಂ1911ಕ್ಕೆ ಬೀಳ್ಕೊಡುಗೆ ಕೊಡಲು ಸಿದ್ಧವಾಗಿತ್ತು. ನೇಟೋ ದೇಶಗಳೆಲ್ಲ 9 ಎಂಎಂ ಗುಂಡಿಗೆ ಹೊಂದಿಕೊಂಡಿದ್ದವು. 1984ರ ಪರೀಕ್ಷೆಗೆ ಸ್ಮಿತ್ ಅಂಡ್ ವೆಸನ್, ಹೆಕ್ಲರ್ ಅಂಡ್ ಕಾಕ್, ವಾಲ್ಥರ್, ಸ್ಟೈಯರ್, ಕೋಲ್ಟ್ ಎಲ್ಲರೂ ಬಂದರು. ಕೊನೆಗೆ ಪಾಸಾದದ್ದು ಇಟಲಿಯ ಬೆರೆಟಾ 92 ಮತ್ತು ಸಿಗ್ ಸೌವರ್ ಪಿ226 ಎರಡೇ. ಪಿಸ್ತೂಲೊಂದರ ಬೆಲೆಯನ್ನಷ್ಟೇ ನೋಡಿದರೆ ಸಿಗ್ ಕೊಂಚ ಅಗ್ಗವಿತ್ತು. ಹೆಚ್ಚುವರಿ ಮ್ಯಾಗಜಿನ್, ಬಿಡಿಭಾಗಗಳನ್ನು ಸೇರಿಸಿ ಕೂಡಿದಾಗ ಬೆರೆಟಾ ಅಗ್ಗವಾಯಿತು. 1985ರ ಜನವರಿಯಲ್ಲಿ ಬೆರೆಟಾ ಎಂ9 ಎಂದು ಸೇನೆಗೆ ಬಂತು. ಮೊದಲ ಗುತ್ತಿಗೆಯೇ 3 ಲಕ್ಷ ಪಿಸ್ತೂಲಿಗೂ ಹೆಚ್ಚಿನದು. ಅಮೆರಿಕದ ನೆಲದಲ್ಲೇ ತಯಾರಿಸಬೇಕೆಂಬ ಷರತ್ತಿನಂತೆ ಮೇರಿಲ್ಯಾಂಡಿನ ಅಕೋಕೀಕ್‌ನಲ್ಲಿ ಕಾರ್ಖಾನೆ ಎದ್ದಿತು. ಸೋತ ಸ್ಮಿತ್ ಅಂಡ್ ವೆಸನ್ ಕೋರ್ಟಿಗೆ ಹೋಯಿತು. ಸಂಸತ್ತಿನಲ್ಲಿ ಗದ್ದಲವಾಯಿತು. 1988ರಲ್ಲಿ ಸ್ಪರ್ಧೆಯನ್ನು ಮತ್ತೊಮ್ಮೆ ನಡೆಸಬೇಕಾಯಿತು. ಆಗಲೂ ಬೆರೆಟಾವೇ ಗೆದ್ದಿತು.

ಕೇಳದೆ ಬಿಟ್ಟ ಪ್ರಶ್ನೆ ಎದುರಾದದ್ದು 1987ರಲ್ಲಿ. ನೌಕಾಪಡೆಯ ಸೀಲ್ ಕಮಾಂಡೊಗಳು ಮಾಮೂಲಿ ಸೈನಿಕರು ವರ್ಷಗಟ್ಟಲೆ ಹಾರಿಸುವಷ್ಟು ಗುಂಡನ್ನು ಕೆಲವೇ ವಾರಗಳಲ್ಲಿ ಹಾರಿಸುವವರು. ಅಂಥ ಅಭ್ಯಾಸದ ನಡುವೆ ಬೆರೆಟಾದ ಸ್ಲೈಡ್ ಮಧ್ಯದಲ್ಲೇ ಮುರಿಯಿತು. ಮುರಿದ ಹಿಂಭಾಗ ಗುರಿ ಹಿಡಿದವರ ಮುಖಕ್ಕೇ ಹಾರಿ ಬಡಿಯಿತು. ಗಾಯವಾಯಿತು, ಹೊಲಿಗೆ ಹಾಕಬೇಕಾಯಿತು. ಮುಂದೆ ಪ್ರಯೋಗಾಲಯದಲ್ಲೂ ಸ್ಲೈಡುಗಳು ಮುರಿದವು. ಗುಂಡುಗಳ ಒತ್ತಡ ಮಿತಿ ಮೀರಿತ್ತು ಎಂದು ಕಂಪನಿ ಹೇಳಿತು. ಲೋಹದ ಗಟ್ಟಿತನದ ಮೇಲೆ ಇತರರು ಬೆರಳು ತೋರಿದರು. ಕೊನೆಗೆ ಕಂಪನಿ ಮಾಡಿದ ತಿದ್ದುಪಡಿ ಚಿಕ್ಕದು, ಚೊಕ್ಕದ್ದು. ಹ್ಯಾಮರಿನ ಪಿನ್ನಿನ ತಲೆಯನ್ನು ದೊಡ್ಡದು ಮಾಡಿ, ಅದು ಕೂರುವಂತೆ ಸ್ಲೈಡಿನಲ್ಲಿ ಒಂದು ತೋಡು ಕೊರೆದರು. ಸ್ಲೈಡ್ ಮುರಿದರೂ ಪಿನ್ನಿಗೆ ತಡೆದು ಅಲ್ಲೇ ನಿಲ್ಲುತ್ತದೆ, ಮುಖದವರೆಗೆ ಬರುವುದಿಲ್ಲ. ಸೀಲ್‌ಗಳು ಮಾತ್ರ ಕಾಯಲಿಲ್ಲ. ಸೇನೆಯ ಲೆಕ್ಕದಲ್ಲಿ ಎರಡನೆಯದಾಗಿದ್ದ ಸಿಗ್ ಪಿ226 ಅನ್ನೇ ತಮ್ಮದಾಗಿಸಿಕೊಂಡರು. ಸೇನೆಯ ಕಚೇರಿಗೂ ಕಮಾಂಡೊಗಳಿಗೂ ಬೇಕಾದದ್ದು ಬೇರೆಬೇರೆ ಆಗಿತ್ತು. ಪ್ರಶ್ನೆಪತ್ರಿಕೆ ಬರೆದವರು ಒಬ್ಬರನ್ನು ಮಾತ್ರ ನೆನೆದಿದ್ದರು.

ಇರಾಕ್ ಯುದ್ಧದಲ್ಲಿ ಎಂ9 ಮತ್ತೆ ಕೆಟ್ಟ ಹೆಸರು ಪಡೆಯಿತು. ಗುಂಡು ಮೇಲೇರದೆ ಸಿಕ್ಕಿಕೊಳ್ಳುತ್ತಿತ್ತು. ಬಿಚ್ಚಿ ನೋಡಿದರೆ ತಪ್ಪು ಪಿಸ್ತೂಲಿನದಲ್ಲ. ಬೇರೊಬ್ಬ ಗುತ್ತಿಗೆದಾರ ಕಡಿಮೆ ಬೆಲೆಗೆ ಪೂರೈಸಿದ್ದ ಮ್ಯಾಗಜಿನ್‌ಗಳಿಗೆ ಸರ್ಕಾರದ ಷರತ್ತಿನಂತೆಯೇ ಒರಟಾದ ಫಾಸ್ಫೇಟ್ ಲೇಪ ಹಾಕಿದ್ದರು. ಮರುಭೂಮಿಯ ಹಿಟ್ಟಿನಂಥ ಮರಳು ಆ ಒರಟು ಮೈಗೆ ಕಚ್ಚಿಕೊಂಡು ಸ್ಪ್ರಿಂಗನ್ನು ಬಿಗಿಯುತ್ತಿತ್ತು. ಸೈನಿಕನ ಪಾಲಿಗೆ ಅದೆಲ್ಲ ಬೆರೆಟಾದ ದೋಷವೇ, ಹೆಸರು ಕೊರೆದಿರುವುದು ಅದರ ಮೇಲೆ ತಾನೆ. ಪಿಸ್ತೂಲು ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚು ಉಪೇಕ್ಷೆ ಮಾಡುವುದು ಮ್ಯಾಗಜಿನ್ ಎಂಬ ಈ ತಗಡಿನ ಡಬ್ಬಿಯನ್ನು. ಹತ್ತು ಸಲ ತೊಡಕಿದರೆ ಅದರಲ್ಲಿ ಬಹಳಷ್ಟು ಸಲ ಕಾರಣ ಅಲ್ಲೇ ಇರುತ್ತದೆ.

ಗುಂಡಿನ ವ್ಯಾಸದ ಹಳೆಯ ಪ್ರಶ್ನೆಯೂ ಸತ್ತಿರಲಿಲ್ಲ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತರು, ಐವರು ಗಾಯಗೊಂಡರು. 9 ಎಂಎಂ ಗುಂಡೊಂದು ದರೋಡೆಕೋರನ ಎದೆ ಹೊಕ್ಕು ಹೃದಯ ತಲುಪುವ ಮುನ್ನವೇ ನಿಂತಿತ್ತು; ಅವನು ಹೋರಾಟ ಮುಂದುವರಿಸಿದ. ಎಫ್‌ಬಿಐ ಭಾರಿ ಹೊಡೆತದ 10 ಎಂಎಂಗೆ ಹೋಯಿತು. ಅದರ ಒದೆತ ಅನೇಕರಿಗೆ ತಾಳಲಿಲ್ಲ, ಪಿಸ್ತೂಲೂ ದೊಡ್ಡದಾಯಿತು. ಅದನ್ನು ಮೊಟಕು ಮಾಡಿ 1990ರಲ್ಲಿ .40 ಗುಂಡು ಬಂತು, ಅಮೆರಿಕದ ಪೊಲೀಸರಲ್ಲಿ ಮನೆಮಾತಾಯಿತು. ಅಷ್ಟರಲ್ಲಿ ಗುಂಡು ಮಾಡುವ ವಿದ್ಯೆ ಮುಂದುವರಿದಿತ್ತು. ಮೈಯಂತೆಯೇ ತಡೆಯೊಡ್ಡುವ ಜೆಲಟಿನ್ ಗಟ್ಟಿಯಲ್ಲಿ ಕನಿಷ್ಠ 12 ಇಂಚು ಆಳ ಹೊಗಬೇಕು ಎಂಬ ಎಫ್‌ಬಿಐನ ಅಳತೆಯನ್ನು ಹೊಸ 9 ಎಂಎಂ ಗುಂಡುಗಳು ಮುಟ್ಟಿದವು. ಒದೆತ ಕಡಿಮೆ, ಗುರಿ ಹೆಚ್ಚು ನಿಖರ, ಮ್ಯಾಗಜಿನ್‌ನಲ್ಲಿ ಗುಂಡೂ ಹೆಚ್ಚು. ಮೂರು ದಶಕ ಸುತ್ತಿ 2016ರಲ್ಲಿ ಎಫ್‌ಬಿಐ 9 ಎಂಎಂ ಗ್ಲಾಕ್ ಕೊಳ್ಳುವ ಗುತ್ತಿಗೆಗೆ ಸಹಿ ಹಾಕಿತು.

ಬ್ರ್ಯಾಂಡ್ ಒಂದೇ ಆದರೂ ಪಿಸ್ತೂಲು ಒಂದೇ ಆಗಿರಬೇಕಿಲ್ಲ ಎಂಬುದನ್ನು ನ್ಯೂಯಾರ್ಕ್ ನಗರದ ಪೊಲೀಸರು ತೋರಿಸಿಕೊಟ್ಟರು. 1993ರಿಂದ ರಿವಾಲ್ವರ್ ಬಿಟ್ಟು 9 ಎಂಎಂ ಪಿಸ್ತೂಲಿಗೆ ಬದಲಾಗುವಾಗ ಬೆರಳು ತಗುಲಿ ಗುಂಡು ಹಾರೀತು ಎಂಬ ಭಯಕ್ಕೆ ಟ್ರಿಗರನ್ನು ಬಿಗಿ ಮಾಡಿಸಿದರು. ಮಾಮೂಲಿ ಗ್ಲಾಕಿಗೆ ಎರಡೂವರೆ ಕಿಲೊ ಒತ್ತಡ ಸಾಕು, ಇವರದಕ್ಕೆ ಐದೂವರೆ ಕಿಲೊ ಹತ್ತಿರ ಬೇಕು. ತುಂಬಿಸಿದ ಪಿಸ್ತೂಲಿನ ತೂಕವೇ ಒಂದು ಕಿಲೊ ಮುಟ್ಟುವುದಿಲ್ಲ. ಅಷ್ಟು ಹಗುರ ವಸ್ತುವಿನ ಮೇಲೆ ಅಷ್ಟು ಬಲ ಹಾಕಿ ಎಳೆದರೆ ನಳಿಗೆ ಅಲುಗಾಡದೆ ಇರುತ್ತದೆಯೇ? ಟ್ರಿಗರ್ ಹಗುರ ಮಾಡುವ ಬಗ್ಗೆ ಯೋಚಿಸಿ ಎಂದು ರ‍್ಯಾಂಡ್ ಸಂಸ್ಥೆ 2008ರ ವರದಿಯಲ್ಲೇ ಹೇಳಿತ್ತು. ಹೊಸ ನೇಮಕಾತಿಯವರಿಗೆ ಹಗುರ ಟ್ರಿಗರ್ ಕೊಡಲು ಇಲಾಖೆ ಒಪ್ಪಿದ್ದು 2021ರಲ್ಲಿ. ತಪ್ಪಿ ಹಾರಿದ ಗುಂಡು ದಾರಿಹೋಕನಿಗೂ ತಗುಲಬಹುದಾದ ಊರಿನಲ್ಲಿ ಇಷ್ಟು ತಡ ಮಾಡಿದ್ದನ್ನು ಸಮರ್ಥಿಸುವುದು ಕಷ್ಟ.

ಮತ್ತೆ 2017ರ ಗುತ್ತಿಗೆಗೆ ಬರಬೇಕು. ಆ ಟೆಂಡರಿನ ಕಡತ ನೂರಾರು ಪುಟ ಬೆಳೆದಿತ್ತು. ಪಿಸ್ತೂಲು ಆರಿಸಲು ಎರಡು ವರ್ಷ, ಪರೀಕ್ಷೆಗೇ 1.7 ಕೋಟಿ ಡಾಲರ್ ಎಂದು ಆಗಿನ ಸೇನಾ ಮುಖ್ಯಸ್ಥ ಜನರಲ್ ಮಾರ್ಕ್ ಮಿಲಿ 2016ರಲ್ಲಿ ಸಾರ್ವಜನಿಕವಾಗಿಯೇ ಸಿಟ್ಟಾಗಿದ್ದರು. ಪುಟ ಹೆಚ್ಚಿದ್ದರೂ ಅದರಲ್ಲಿ ಒಂದು ಒಳ್ಳೆಯ ಪ್ರಶ್ನೆ ಇತ್ತು: ಸಣ್ಣ ಅಂಗೈಗೂ ದೊಡ್ಡ ಅಂಗೈಗೂ ಒಂದೇ ಪಿಸ್ತೂಲು ಹೊಂದಬೇಕು. ಬೆರೆಟಾದ ದಪ್ಪ ಹಿಡಿಕೆ ಅನೇಕ ಸೈನಿಕರಿಗೆ, ಅದರಲ್ಲೂ ಮಹಿಳೆಯರಿಗೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಪಿ320ರಲ್ಲಿ ಟ್ರಿಗರಿನ ಒಳಯಂತ್ರವೇ ಬಿಡಿಯಾಗಿ ಹೊರಬರುತ್ತದೆ. ನೋಂದಣಿ ಸಂಖ್ಯೆ ಇರುವುದೂ ಅದರ ಮೇಲೆಯೇ. ಅದನ್ನು ಬೇಕಾದ ಅಳತೆಯ ಹಿಡಿಕೆಯಲ್ಲಿ ಕೂರಿಸಬಹುದು. ಶುಚಿ ಮಾಡಲು ಬಿಚ್ಚುವಾಗಲೂ ಅದರ ಟ್ರಿಗರ್ ಒತ್ತಬೇಕಿಲ್ಲ. ಗ್ಲಾಕನ್ನು ಬಿಚ್ಚುವ ಮುನ್ನ ಟ್ರಿಗರ್ ಒತ್ತಲೇಬೇಕು. ಒಳಗೆ ಗುಂಡು ಉಳಿದದ್ದನ್ನು ಗಮನಿಸದೆ ಒತ್ತಿ ಅನಾಹುತ ಮಾಡಿಕೊಂಡವರಿದ್ದಾರೆ.

ಪ್ರಶ್ನೆಪತ್ರಿಕೆಯ ಬಿರುಕು ಮತ್ತೊಂದು ಕಡೆ ಕಾಣಿಸಿತು. ಬಿದ್ದರೆ ಗುಂಡು ಹಾರಕೂಡದು ಎಂಬುದು ಎಲ್ಲ ಪಿಸ್ತೂಲಿಗೂ ಇರುವ ನಿಯಮ. ಅದನ್ನು ಪರೀಕ್ಷಿಸಲು ಇಂಥಿಂಥ ಭಂಗಿಯಲ್ಲಿ, ಇಷ್ಟು ಎತ್ತರದಿಂದ ಬೀಳಿಸಬೇಕು ಎಂದು ಮಾನದಂಡಗಳಿವೆ. ನಾಗರಿಕರಿಗೆ ಮಾರಿದ ಪಿ320 ಅವುಗಳಲ್ಲಿ ಪಾಸಾಗಿತ್ತು. 2017ರ ಆಗಸ್ಟ್‌ನಲ್ಲಿ ಕೆಲವರು ಅದನ್ನು ಸ್ಲೈಡಿನ ಹಿಂಬದಿ ಓರೆಯಾಗಿ ನೆಲಕ್ಕೆ ತಾಗುವಂತೆ ಬೀಳಿಸಿ ನೋಡಿದರು. ಗುಂಡು ಹಾರಿತು. ಕಾರಣ ಸರಳ ಭೌತಶಾಸ್ತ್ರ. ಪಿಸ್ತೂಲು ತಟ್ಟನೆ ನಿಂತರೂ ಭಾರವಾದ ಟ್ರಿಗರ್ ತನ್ನ ವೇಗದಲ್ಲೇ ಹಿಂದಕ್ಕೆ ಸರಿಯುತ್ತದೆ, ಬೆರಳು ಒತ್ತಿದಂತೆಯೇ ಆಗುತ್ತದೆ. ಸೇನೆ ತನ್ನ ಪರೀಕ್ಷೆಯಲ್ಲಿ ಇದನ್ನು ಅಷ್ಟರಲ್ಲೇ ಕಂಡು ಹಗುರ ಭಾಗಗಳನ್ನು ಹಾಕಿಸಿಕೊಂಡಿತ್ತು. ಅಂಗಡಿಯಲ್ಲಿ ಕೊಂಡವರ ಕೈಯಲ್ಲಿ ಹಳೆಯದೇ ಇತ್ತು. ಕಂಪನಿ ಆಗಸ್ಟ್ 8ರಂದು ಉಚಿತ ಬದಲಾವಣೆ ಪ್ರಕಟಿಸಿತು. ಮುಂದೆ, ಯಾರೂ ಟ್ರಿಗರ್ ಒತ್ತದೆ ಹೋಲ್‌ಸ್ಟರಿನಲ್ಲೇ ಹಾರಿತು ಎಂಬ ಮೊಕದ್ದಮೆಗಳು ಸಾಲುಗಟ್ಟಿದವು. ಕಂಪನಿ ಆ ಆರೋಪವನ್ನು ಒಪ್ಪುವುದಿಲ್ಲ. ಕೆಲವು ಮೊಕದ್ದಮೆಗಳು ಬಿದ್ದುಹೋದವು, ಕೆಲವುಗಳಲ್ಲಿ ಜ್ಯೂರಿ ಗಾಯಾಳುವಿನ ಪರ ನಿಂತು ಲಕ್ಷಾಂತರ ಡಾಲರ್ ಪರಿಹಾರ ಕೊಡಿಸಿತು. ಕಂಪನಿಯ ಹೆಸರು ಎಷ್ಟು ದೊಡ್ಡದಿದ್ದರೂ, ಗುಂಡು ತುಂಬಿದ ವಸ್ತುವನ್ನು ಮಾರುವವರು ಪರೀಕ್ಷೆಯ ಕನಿಷ್ಠ ಅಂಕಕ್ಕೆ ತೃಪ್ತರಾಗುವುದು ಸಲ್ಲದು.

ಭಾರತದಲ್ಲಿ ಸಾಮಾನ್ಯ ಜನರಿಗೆ ಇಂಥ ಆಯ್ಕೆಯ ಪ್ರಮೇಯ ಬರುವುದು ಕಡಿಮೆ. 9 ಎಂಎಂ ಪಿಸ್ತೂಲು ಸೇನೆ, ಪೊಲೀಸರಿಗೆ ಮೀಸಲು. ಪರವಾನಗಿ ಸಿಕ್ಕವರಿಗೆ ಬಹುಪಾಲು ಸರ್ಕಾರಿ ಕಾರ್ಖಾನೆಯ .32 ಪಿಸ್ತೂಲು, ರಿವಾಲ್ವರ್‌ಗಳೇ ಗತಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪೊಲೀಸರ, ಸೈನಿಕರ ಸೊಂಟದಲ್ಲಿ ದಶಕಗಳಿಂದ ಕಾಣುವುದು ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯ 13 ಗುಂಡಿನ ‘ಪಿಸ್ತೂಲ್ ಆಟೊ 9 ಎಂಎಂ 1ಎ’. ಅದರ ಮೂಲ ಬ್ರೌನಿಂಗ್ ಹೈ ಪವರ್. ಜಾನ್ ಬ್ರೌನಿಂಗ್ ಶುರು ಮಾಡಿ, ಅವರು ತೀರಿಕೊಂಡ ಮೇಲೆ ಬೆಲ್ಜಿಯಂನ ದ್ಯುದೊನೆ ಸೈವ್ ಮುಗಿಸಿದ 1935ರ ವಿನ್ಯಾಸ. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಟೊರೊಂಟೊದಲ್ಲಿ ಇಂಗ್ಲಿಸ್ ಕಂಪನಿ ಅದನ್ನು ತಯಾರಿಸುತ್ತಿತ್ತು. ಈಶಾಪುರದ್ದು ಆ ಕೆನಡಾ ಮಾದರಿಯನ್ನೇ ಹೋಲುತ್ತದೆ.

ಕೆನಡಾದ ಸೈನಿಕರು ಕೂಡ ಯುದ್ಧಕಾಲದ ಅದೇ ಇಂಗ್ಲಿಸ್ ಪಿಸ್ತೂಲುಗಳನ್ನು ಮೊನ್ನೆಮೊನ್ನೆಯವರೆಗೆ ಬಳಸುತ್ತಿದ್ದರು. ಕೊನೆಗೂ ಹೊಸದು ಕೊಳ್ಳಲು ಟೆಂಡರ್ ಕರೆದಾಗ, ಒಳಯಂತ್ರ ಬಿಡಿಯಾಗಿ ಹೊರಬರುವಂಥ ವಿನ್ಯಾಸವೇ ಬೇಕು ಎಂಬ ಷರತ್ತು ಹಾಕಿದ್ದರು. ಆ ಒಂದು ಸಾಲಿನಿಂದ ಗ್ಲಾಕ್ ಬಾಗಿಲಲ್ಲೇ ನಿಂತಿತು. ಅಲ್ಲಿ ಗ್ಲಾಕ್ ಮಾರುವ ಸಂಸ್ಥೆ ಸರ್ಕಾರಿ ಖರೀದಿಯ ವ್ಯಾಜ್ಯಗಳನ್ನು ನೋಡುವ ಟ್ರಿಬ್ಯುನಲ್‌ಗೆ ದೂರು ಕೊಟ್ಟಿತು. 2021ರಲ್ಲಿ ಟ್ರಿಬ್ಯುನಲ್ ದೂರನ್ನು ಎತ್ತಿಹಿಡಿಯಿತು. ಸರ್ಕಾರ ಟೆಂಡರನ್ನು ರದ್ದುಪಡಿಸಿ, ಷರತ್ತು ತಿದ್ದಿ ಹೊಸದಾಗಿ ಕರೆಯಿತು. 2022ರ ಅಕ್ಟೋಬರ್‌ನಲ್ಲಿ ಫಲಿತಾಂಶ ಬಂತು: ಗೆದ್ದದ್ದು ಸಿಗ್ ಪಿ320. ಮೊದಲ ಕಂತಿನ 7,000 ಪಿಸ್ತೂಲುಗಳಿಗೆ ಕೆನಡಾ ಸೇನೆ ಸಿ22 ಎಂದು ಹೆಸರಿಟ್ಟಿತು.